ತುರುವನೂರಿನ ತವರು

ಓಬಳೇಶ್ ಹೊತ್ತಿರುವಾಗ ಮನೆಗೆ ಬರುವವನಲ್ಲ. ಆವತ್ತು ನಾಲ್ಕೂವರೆಗೇ ಬೈಕ್ ನಿಲ್ಲಿಸಿ, ಯೂನಿಫಾರ್ಮಿನಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಗೌರಿ ಎಲ್ಲಿ?" ಎಂದು ಕೇಳಿದ.

ಅವನ ಹೆಂಡತಿ ಅನುಸೂಯ ಆಗಷ್ಟೇ ಅಂಗನವಾಡಿಯಿಂದ ಬಂದು ಟೀಗೆ ನೀರಿಟ್ಟಿದ್ದಳು. "ಹಿತ್ಲಾಗೆ ಬಟ್ಟೆ ಒಗೀತಾಳೆ. ಯಾಕೆ?"

"ಠಾಣೆಗೆ ಕರ್ಕಂಡು ಹೋಗ್ಬೇಕು."

ನಡುಮನೆಯಲ್ಲಿ ಹುರುಳಿಕಾಳು ಆರಿಸುತ್ತಿದ್ದ ತಾಯಿ ನಿಂಗಕ್ಕ ಮೊರ ಕೆಳಗಿಟ್ಟಳು. "ಯಾರ್ನ? ಎಲ್ಲಿಗೆ?"

ವಿಷಯ ಇಷ್ಟು. ಹಿರಿಯೂರಿನ ಹೊರಗಿದ್ದ ಒಂದು ಹೊಲಿಗೆ ಫ್ಯಾಕ್ಟರಿಯಿಂದ ಬೆಳಿಗ್ಗೆ ಒಂಬತ್ತು ಜನರನ್ನು ಹಿಡಿದು ತಂದಿದ್ದರು. ಎಲ್ಲರ ಹತ್ತಿರವೂ ಆಧಾರ್ ಕಾರ್ಡ್ ಇತ್ತು. ಆದರೆ ಅವರು ಬಾಂಗ್ಲಾದೇಶದ ಗಡಿ ದಾಟಿ ಬಂದವರೆಂದು ದೂರು ಬಂದಿತ್ತು. ಒಂಬತ್ತು ಜನರಲ್ಲಿ ನಾಲ್ವರು ಹೆಂಗಸರು. ಕನ್ನಡ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಭಾಷಾಂತರ ಮಾಡುವವರು ಬೆಂಗಳೂರಿನಿಂದ ಬರಲು ಒಂದು ವಾರ ಬೇಕು. ಇನ್‌ಸ್ಪೆಕ್ಟರ್ ಪೇಚಾಡುತ್ತಿದ್ದಾಗ ಹೆಡ್ ಕಾನ್‌ಸ್ಟೇಬಲ್ ಓಬಳೇಶ್ ಮುಂದೆ ಬಂದು, "ಸರ್, ನನ್ನ ತಮ್ಮನ ಹೆಂಡ್ತಿಗೆ ಬಂಗಾಳಿ ಬರ್ತೈತೆ" ಅಂದಿದ್ದ.

"ಮನೆ ಸೊಸೆ ಪೊಲೀಸ್ ಠಾಣೆ ಮೆಟ್ಲು ಹತ್ಬೇಕಾ?" ಎಂದಳು ನಿಂಗಕ್ಕ.

"ನಾನು ದಿನಾ ಹತ್ತಲ್ವಾ ಅವ್ವ?"

"ನೀನು ಸಂಬಳಕ್ಕೆ ಹತ್ತೀಯ."

ಅಷ್ಟರಲ್ಲಿ ಗೌರಿ ಕೈಯ ನೊರೆ ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಬಂದಿದ್ದಳು. ಮಾತು ಅವಳ ಕಿವಿಗೂ ಬಿದ್ದಿತ್ತು. "ಬಾವ, ಸೀರೆ ಬದ್ಲಾಯಿಸ್ಕಂಡು ಬರ್ತೀನಿ" ಅಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹತ್ತು ವರ್ಷದಿಂದ ಯಾರೊಂದಿಗೂ ತನ್ನ ಭಾಷೆಯಲ್ಲಿ ಎದುರುಬದುರು ಕೂತು ಮಾತಾಡಿರದ ಹೆಂಗಸು ಅವಳು. ಐದೇ ನಿಮಿಷದಲ್ಲಿ ಹಸಿರು ಸೀರೆ ಉಟ್ಟು ಬೈಕ್ ಹತ್ತಿ ಕೂತಳು. ಅರ್ಧ ಒಗೆದ ಬಟ್ಟೆ ಅನುಸೂಯಳ ಪಾಲಿಗೆ ಬಿತ್ತು.

ಮೂರು ದಿನ ಹೀಗೇ ನಡೆಯಿತು. ಬೆಳಿಗ್ಗೆ ಒಂಬತ್ತಕ್ಕೆ ಗೌರಿ ಠಾಣೆಗೆ, ಸಂಜೆ ಆರರ ಮೇಲೆ ಮನೆಗೆ. ಅಂಗನವಾಡಿ ಮುಗಿಸಿ ಬಂದು ಅನುಸೂಯ ಕಸ ಗುಡಿಸಿ, ಹಸುವಿಗೆ ಹುಲ್ಲು ಹಾಕಿ, ಮುದ್ದೆಗೆ ಎಸರಿಡುತ್ತಿದ್ದಳು. ಎರಡನೇ ದಿನ, "ಅಲ್ಲಿ ಫ್ಯಾನ್ ಕೆಳ್ಗೆ ಕುಂತು ಮಾತಾಡೋದು ಭಾಳ ಕಷ್ಟ ಇರ್ಬೇಕಲ್ಲ" ಎಂದು ಚುಚ್ಚಿಯೂ ಬಿಟ್ಟಳು. ಗೌರಿ ನಕ್ಕು, "ನಾಳೆ ನೀನೇ ಹೋಗಕ್ಕ" ಅಂದಳು.

ಮೂರನೇ ದಿನ ಇನ್‌ಸ್ಪೆಕ್ಟರ್ ಒಂದು ಪೆಟ್ಟಿಗೆ ಮೈಸೂರುಪಾಕ್ ಕೊಟ್ಟು ಕಳಿಸಿದರು. ಗೌರಿ ಮಾರಿಕಣಿವೆ ಡ್ಯಾಮಿನ ಮೀನು ತಂದು ಸಾಸಿವೆ ಅರೆದು ಸಾರು ಮಾಡಿದಳು. ಚಿತ್ರದುರ್ಗದ ಕಾಲೇಜಿನಲ್ಲಿ ಓದುತ್ತಿದ್ದ ಓಬಳೇಶನ ಮಗಳು ರಮ್ಯಾ ಕೂಡ ಅಂದು ಮನೆಯಲ್ಲಿದ್ದಳು. ಎಲ್ಲರೂ ಸಾಲಾಗಿ ಊಟಕ್ಕೆ ಕೂತರು.

"ಅಪ್ಪ, ಅವ್ರು ಏನಾದ್ರೂ ಕದ್ದಿದ್ರಾ?" ಎಂದಳು ರಮ್ಯಾ.

"ದೇಶದೊಳ್ಗೇ ಕದ್ದು ಬಂದಾರಲ್ಲ."

"ಅಂಗಿ ಹೊಲಿಯಾಕೆ ಬಂದಾರೆ."

"ಕಾನೂನು ಅಂದ್ರೆ ಕಾನೂನು. ಇವ್ರ ಕೂಲಿ ಅರ್ಧ, ಅದಕ್ಕೆ ಫ್ಯಾಕ್ಟರಿಯೋನು ನಮ್ಮೋರ್ನ ಬಿಟ್ಟು ಇವ್ರನ್ನ ಇಟ್ಕಂತಾನೆ. ನಮ್ಮ ಹುಡುಗ್ರು ಎಲ್ಲಿಗೆ ಹೋಗ್ಬೇಕು?"

"ಹಂಗಾರೆ ಫ್ಯಾಕ್ಟರಿಯೋನ್ನ ಹಿಡ್ದ್ರಾ?"

ಓಬಳೇಶ್ ಮೀನಿನ ಮುಳ್ಳು ತೆಗೆಯುವುದರಲ್ಲಿ ಮಗ್ನನಾದ.

"ಬಂದೋರ್ನೆಲ್ಲ ಇಟ್ಕಂತಾ ಹೋದ್ರೆ ನಮಿಗೆ ನಿಲ್ಲಾಕೆ ಜಾಗ ಇರಲ್ಲ. ಕಳಿಸ್ಲಿ ಬಿಡು" ಎಂದು ನಿಂಗಕ್ಕ ಸಾರಿಗೆ ತಟ್ಟೆ ಒಡ್ಡಿದಳು. ಗೌರಿ ಬಗ್ಗಿ ಬಡಿಸಿದಳು.

ಓಬಳೇಶನ ತಮ್ಮ ಎರ್ರಿಸ್ವಾಮಿ, ಗೌರಿಯ ಗಂಡ, ಊಟದ ಹೊತ್ತಿನಲ್ಲಿ ಮಾತಾಡುವವನಲ್ಲ. ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ದಿನಗೂಲಿ. ಚಿಕ್ಕಂದಿನಿಂದ ಒಂದು ಕಾಲು ಸಣ್ಣ. ಅವನು ತಲೆ ಎತ್ತದೆ, "ಅದ್ರಾಗೆ ಒಂದು ಎಳೇ ಕೂಸಿತ್ತಂತಲ್ಲ, ಅದಕ್ಕೆ ಹಾಲು ಕೊಟ್ರಾ?" ಎಂದು ಕೇಳಿದ.

"ನಾನೇ ತರ್ಸಿದೆ" ಅಂದಳು ಗೌರಿ.

ಪಾತ್ರೆ ತೊಳೆಯುವಾಗ ಅವಳು ಅನುಸೂಯಳ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಅಕ್ಕ, ಅವ್ರಲ್ಲಿ ಒಬ್ಬ ವಯಸ್ಸಾದಾಕೆ ನನ್ನ ಮಾತು ಕೇಳಿ, ನೀನು ನಮ್ಮ ಕಡೆಯೋಳೇ, ಯಾವೂರು ಅಂದ್ಲು. ಹೇಳಿದೆ. ಪಕ್ಕದೂರಿನಾಕೆ ಅಕ್ಕ. ನಮ್ಮ ಹೊಳೆ ಗೊತ್ತು ಅವಳಿಗೆ."

ಅನುಸೂಯಳ ಕೈ ನಿಂತಿತು. "ಯಾವ ಊರು ಹೇಳ್ದೆ?"

"ಹುಟ್ಟಿದ್ದು."

"ಎಲ್ರ ಎದ್ರಿಗಾ?"

"ಬಂಗಾಳೀಲಿ ಹೇಳಿದ್ದು. ಅಲ್ಲಿ ಯಾರಿಗೆ ತಿಳೀತೈತೆ? ವಿಡಿಯೋ ಹಿಡ್ದಿದ್ದ ಪೊಲೀಸಪ್ಪ ಆಕಳಿಸ್ತಾ ಇದ್ದ."

ಅನುಸೂಯ ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

*

ಎರ್ರಿಸ್ವಾಮಿಗೆ ಮೂವತ್ತಾರು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಹೊಸದುರ್ಗ, ಹೊಳಲ್ಕೆರೆ ಎಲ್ಲ ಸುತ್ತಿದ್ದಾಗಿತ್ತು. ಕಾಲು ನೋಡಿ ಕೆಲವರು, ದಿನಗೂಲಿ ಎಂದು ಕೆಲವರು ಬೇಡವೆಂದರು. ಆಗ ಹೊಳಲ್ಕೆರೆಯ ಒಬ್ಬ ದಲ್ಲಾಳಿ ಬಂಗಾಳದಿಂದ ಮೂವರು ಹುಡುಗಿಯರನ್ನು ಕರೆತಂದಿದ್ದಾನೆಂದು ತಿಳಿಯಿತು. ಅವರಲ್ಲಿ ಒಬ್ಬಳು ಇವಳು. ಹೆಸರು ಶೆಫಾಲಿ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ತಾಯಿ ಸತ್ತಿದ್ದಳು, ಅಣ್ಣನ ಮನೆಯಲ್ಲಿ ಇದ್ದವಳು.

ಹೆಣ್ಣು ಸಿಕ್ಕಿತು, ಆದರೆ ಧಾರೆ ಎರೆಯಲು ತಂದೆತಾಯಿ ಬೇಕಲ್ಲ. ತವರಿಲ್ಲದ ಹೆಣ್ಣನ್ನು ಮನೆ ತುಂಬಿಸಿಕೊಂಡರೆ ಒಳ್ಳೆಯದಲ್ಲವೆಂದು ನಿಂಗಕ್ಕ ಹಟ ಹಿಡಿದಳು. ತುರುವನೂರಿನಲ್ಲಿದ್ದ ತಮ್ಮ ಕಾಟಪ್ಪನನ್ನೂ ಅವನ ಹೆಂಡತಿ ಕೆಂಚಕ್ಕನನ್ನೂ ಕರೆಸಿದಳು. ಅವರಿಬ್ಬರೂ ಹೆಣ್ಣಿನ ತಂದೆತಾಯಿಯ ಜಾಗದಲ್ಲಿ ಕೂತು ಧಾರೆ ಎರೆದರು. ತಟ್ಟೆಯ ಅಕ್ಕಿಯಲ್ಲಿ ಗೌರಿ ಎಂದು ಬರೆದು ಹೊಸ ಹೆಸರಿಟ್ಟರು. ಅಂದಿನಿಂದ ತುರುವನೂರು ಅವಳ ತವರು. ವರ್ಷವರ್ಷವೂ ಗೌರಿ ಹಬ್ಬಕ್ಕೆ ಕಾಟಪ್ಪ ಸೀರೆ ಬಳೆ ತಂದು ಕೊಡುತ್ತಿದ್ದ. ಹೆರಿಗೆಗೆ ಮುಂಚೆ ಕರೆದುಕೊಂಡು ಹೋಗಿ ಒಂದು ತಿಂಗಳು ಇಟ್ಟುಕೊಂಡಿದ್ದ. ಹುಟ್ಟಿದ ಕೂಸಿಗೆ ದುರ್ಗದ ಕೋಟೆಯ ದೇವಿಯ ಹೆಸರನ್ನೇ ಇಟ್ಟು ಏಕನಾಥಮ್ಮ ಎಂದು ಕರೆದವನೂ ಅವನೇ. ಮನೆಯಲ್ಲಿ ಎಲ್ಲರಿಗೂ ಅವಳು ಏಕು. ಈಗ ಏಳು ವರ್ಷ, ಎರಡನೇ ಕ್ಲಾಸು.

ರೇಷನ್ ಕಾರ್ಡಿಗೆ ಗೌರಿಯ ಹೆಸರು ಸೇರಿಸುವಾಗ ತಂದೆಯ ಹೆಸರು ಕೇಳಿದ್ದರು. ಮನೆಯಲ್ಲಿ ಅಕ್ಷರ ಚೆನ್ನಾಗಿದ್ದವಳು ಅನುಸೂಯ. ಅವಳು ಒಂದು ಗಳಿಗೆಯೂ ಯೋಚಿಸದೆ, ತಂದೆ ಕಾಟಪ್ಪ, ಹುಟ್ಟಿದ ಊರು ತುರುವನೂರು ಎಂದು ಬರೆದಳು. ಸುಳ್ಳು ಬರೆಯುತ್ತಿದ್ದೇನೆಂದು ಅವಳಿಗಾಗಲಿ, ಪಕ್ಕದಲ್ಲಿ ಕೂತಿದ್ದ ಓಬಳೇಶನಿಗಾಗಲಿ ಅನ್ನಿಸಲಿಲ್ಲ. ಧಾರೆ ಎರೆದವನು ತಂದೆಯಲ್ಲದೆ ಇನ್ನೇನು? ಆ ಕಾರ್ಡಿನಿಂದ ಆಧಾರ್ ಬಂತು, ಆಧಾರಿನಿಂದ ವೋಟಿನ ಚೀಟಿ ಬಂತು. ಅವಳು ಬಂಗಾಳದವಳೆಂದು ಇಡೀ ಬೀದಿಗೆ ಗೊತ್ತಿತ್ತು. ಕಾಗದದಲ್ಲಿ ತುರುವನೂರಿನವಳು. ಎರಡಕ್ಕೂ ಜಗಳವಿರಲಿಲ್ಲ.

*

ಅದಾಗಿ ಮೂರನೇ ವಾರದ ಸೋಮವಾರ ಓಬಳೇಶ್ ಬಂದವನೇ ಬೆಲ್ಟು ಬಿಚ್ಚಿ ಮೂಲೆಗೆ ಎಸೆದ. ರಜೆಗೆ ಬಂದಿದ್ದ ರಮ್ಯಾಳೂ ಸೇರಿ ಎಲ್ಲರನ್ನೂ ನಡುಮನೆಗೆ ಕರೆದ. ಏಕುವನ್ನು ಆಡಲು ಕಳಿಸಲು ಹೇಳಿದ.

ಠಾಣೆಯ ವಿಡಿಯೋ ಬೆಂಗಳೂರಿಗೆ ಹೋಗಿತ್ತು. ಅಲ್ಲಿನ ಭಾಷಾಂತರಕಾರ ಕೂತು, ಯಾರು ಏನು ಮಾತಾಡಿದರೋ ಅಕ್ಷರ ಬಿಡದೆ ಇಳಿಸಿ ಕಳಿಸಿದ್ದ. ಹಿಡಿದ ಹೆಂಗಸು ಕೇಳಿದ್ದೂ ಇತ್ತು, ಗೌರಿ ಹೇಳಿದ್ದೂ ಇತ್ತು. ಗಡಿಯಾಚೆ ಹುಟ್ಟಿದ ಊರಿನ ಹೆಸರು, ಹೊಳೆಯ ಹೆಸರು, ನಾಲ್ಕು ವರ್ಷದವಳಿದ್ದಾಗ ತಾಯಿ ಸೊಂಟದ ಮೇಲೆ ಕೂರಿಸಿಕೊಂಡು ದಾಟಿಸಿದ್ದು.

"ನಾನೊಬ್ಬ ನೋಡದಂಗೆ ಇದ್ರೂ ಮೇಲಿನೋರು ನೋಡಿದಾರೆ ಅಂದ್ರು ಸಾಹೇಬ್ರು. ಎಂಟು ದಿನ ಟೈಮು. ಈ ಕಡೆ ಹುಟ್ಟಿದ ದಾಖಲೆ ತೋರಿಸ್ಬೇಕು, ಇಲ್ಲ ಹೇಳಿಕೆ ಕೊಡ್ಬೇಕು. ಆಮೇಲೆ ಬೆಂಗಳೂರು, ಅಲ್ಲಿಂದ ಗಡಿ."

ಮೊದಲು ಬಾಯಿ ಬಿಟ್ಟವಳು ನಿಂಗಕ್ಕ.

"ಇಷ್ಟು ವರ್ಸ ಮುಚ್ಚಿಟ್ಟಿದ್ಯಲ್ಲೇ ಗೌರಿ."

"ನೀವು ಕೇಳಿದ್ರಾ ಅತ್ತೆ? ಬಂದ ದಿನ ಕೇಳಿದ್ದು ಎಲ್ಡೇ. ಯಾವ್ಯಾವ ಮಾಂಸ ತಿಂತೀಯ, ಮುಟ್ಟು ಸರಿಯಾಗಿ ಆಗ್ತೀಯಾ. ಕೇಳಿದೋರಿಗೆ ಹೇಳೀನಿ. ಅಕ್ಕನಿಗೆ ಗೊತ್ತು."

ಓಬಳೇಶ್ ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಬಾಣಂತನದಾಗೆ ಹೇಳಿದ್ಲು" ಎಂದಳು ಅನುಸೂಯ. "ನಾಕು ವರ್ಸದ ಕೂಸು ಸೊಂಟದ ಮೇಲೆ ಕುಂತು ಹೊಳೆ ದಾಟಿದ್ದು ಏನ್ ಮಹಾ ಅಂತ ಸುಮ್ನಾದೆ."

"ನಾನು ಠಾಣೆಗೆ ಕರ್ಕಂಡು ಹೋಗ್ವಾಗ ಬಾಯಿಗೇನು ಬೀಗ ಬಿದ್ದಿತ್ತಾ?"

"ಬಂಗಾಳಿ ಬರ್ತೈತಾ ಅಂತಾನೂ ನೀವು ಕೇಳ್ಲಿಲ್ಲ. ಗೌರಿ ಎಲ್ಲಿ ಅಂದ್ರಿ, ಕೂರಿಸ್ಕಂಡು ಹೋದ್ರಿ."

"ನಂಗೇನು ಗೊತ್ತು, ನಮ್ಮನೇಲೇ..." ಓಬಳೇಶ್ ಮಾತು ಮುಗಿಸಲಿಲ್ಲ.

"ಅವತ್ತು ಊಟಕ್ಕೆ ಕೂತಾಗ ಕಾನೂನು ಅಂದ್ರೆ ಕಾನೂನು ಅಂದ್ರಿ ಅಪ್ಪ" ಎಂದಳು ರಮ್ಯಾ.

"ಇವತ್ತೂ ಅಂತೀನಿ. ಅವತ್ತು ನೀವೆಲ್ಲ ಮೀನು ಚೆನ್ನಾಗೈತೆ ಅಂತ ಉಂಡ್ರಿ. ಆ ಒಂಬತ್ತು ಜನಕ್ಕೆ ಅಳಲಿಲ್ಲ ಯಾರೂ. ನಾನು ಜೀಪು ಹತ್ಸಿದೋನು, ನಂಗೊಬ್ನಿಗೇ ಪಾಪ ಅಂಟ್ಕಂತಾ?"

ಇಷ್ಟು ಹೊತ್ತು ಗೋಡೆಗೆ ಒರಗಿದ್ದ ಎರ್ರಿಸ್ವಾಮಿ, "ಅವಳನ್ನ ಕಳಿಸಿದ್ರೆ ನಾನೂ ಹೋಗ್ತೀನಿ" ಅಂದ.

"ಎಲ್ಲಿಗೆ? ಪಾಸ್‌ಪೋರ್ಟ್ ಐತಾ? ನೀನು ಆ ಕಡೆ ಕಾಲಿಟ್ರೆ ಅವರು ನಿನ್ನ ಹಿಡೀತಾರೆ."

ಎರ್ರಿಸ್ವಾಮಿ ಎದ್ದು ಹೊರಗೆ ಹೋದ. ಆ ಸಂಜೆ ಮಾಡಿದ ಮುದ್ದೆ ಬೆಳಿಗ್ಗೆ ಹಸುವಿನ ಪಾಲಾಯಿತು.

*

ಉಳಿದಿದ್ದು ಕಾಟಪ್ಪ. ಅವನು ಇವಳು ತನ್ನ ಮಗಳೇ ಎಂದು ನೋಟರಿಯ ಮುಂದೆ ಬರೆದುಕೊಟ್ಟರೆ ಒಂದಷ್ಟು ದಿನ ತಳ್ಳಬಹುದೆಂದು ಅನುಸೂಯ ಸೂಚಿಸಿದಳು. ಓಬಳೇಶ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬುಧವಾರ ನಿಂಗಕ್ಕ, ಗೌರಿ, ಅನುಸೂಯ ಮೂವರೂ ದುರ್ಗಕ್ಕೆ ಬಂದು ತುರುವನೂರಿನ ಬಸ್ಸು ಹತ್ತಿದರು.

ಕೆಂಚಕ್ಕ ಬಾಗಿಲಲ್ಲೇ ಇದ್ದಳು. "ಬರ್ರಿ ಅತ್ತಿಗೆ, ಕುಂತ್ಕಳ್ರಿ" ಎಂದು ನಿಂಗಕ್ಕನಿಗೆ ಮಣೆ ಹಾಕಿದಳು. ಗೌರಿಗೆ ಏನೂ ಅನ್ನಲಿಲ್ಲ. ಯಾವಾಗಲೂ ಹೋದೊಡನೆ ಒಳಗೆ ಹೋಗಿ ಸೌಟು ಹಿಡಿಯುತ್ತಿದ್ದ ಗೌರಿ, ಅಂದು ನಡುಮನೆಯ ಕಂಬದ ಪಕ್ಕ ನಿಂತೇ ಇದ್ದಳು. ಸುದ್ದಿ ಇವರಿಗಿಂತ ಮುಂಚೆ ಊರು ಮುಟ್ಟಿತ್ತು.

ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿದರು. ಕಾಟಪ್ಪ ಊಟ ಮುಗಿಯುವ ತನಕ ಮಳೆ, ಶೇಂಗಾ, ಈರುಳ್ಳಿ ರೇಟು ಮಾತಾಡಿದ. ಕೈ ತೊಳೆದ ಮೇಲೆ ನಿಂಗಕ್ಕ ವಿಷಯ ಎತ್ತಿದಳು.

"ಅಕ್ಕ, ಬೈಬ್ಯಾಡ" ಎಂದ ಕಾಟಪ್ಪ. "ನೀರು ಹುಯ್ದಿದ್ದು ನಿಜ. ನೀನು ಹೇಳ್ದೆ, ಹುಯ್ದೆ. ಹುಟ್ಟಿಸಿದ್ದೀನಿ ಅಂತ ಹೆಂಗೆ ಬರ್ಕೊಡ್ಲಿ?"

"ಹತ್ತು ವರ್ಸ ಮಗಳೇ ಅಂತ ಸೀರೆ ಕೊಟ್ಟೀಯಲ್ಲೋ."

"ಕೊಟ್ಟೀನಿ. ಇನ್ನೂ ಹತ್ತು ವರ್ಸ ಬೇಕಾದ್ರೆ ಕೊಡ್ತೀನಿ."

ಅವನ ಮಗ ಲಕ್ಷ್ಮೀಕಾಂತ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದು ಓಡಾಡುತ್ತಿದ್ದವನು. "ಅತ್ತೆ, ನಾನೂ ಬಾಯ್ತುಂಬ ಅಕ್ಕ ಅಂತ ಕರ್ದೀನಿ. ಕರೆಯೋದು ಬ್ಯಾರೆ, ಸಹಿ ಮಾಡೋದು ಬ್ಯಾರೆ. ನಮ್ಮಪ್ಪ ಜೈಲಿಗೆ ಹೋದ್ರೆ ನನ್ನ ಯಾರು ಮೂಸಿ ನೋಡ್ತಾರೆ? ಅಲ್ಲಾ, ಆ ಅರ್ಜೀಲಿ ನಮ್ಮಪ್ಪನ ಹೆಸ್ರು ಬರೀರಿ ಅಂತ ನಿಮಗ್ಯಾರು ಹೇಳಿದ್ರು?"

ಅನುಸೂಯ ತನ್ನ ಕೈಬೆರಳು ನೋಡಿಕೊಂಡಳು.

ಗೌರಿ ಮೊದಲ ಸಲ ಮಾತಾಡಿದಳು. "ಬಿಡಿ ಅತ್ತೆ. ಅಪ್ಪಯ್ಯಗೆ ಬಲವಂತ ಮಾಡ್ಬ್ಯಾಡ್ರಿ. ಬಸ್ಸಿಗೆ ಹೊತ್ತಾಗ್ತೈತೆ, ಹೋಗಾಣ."

ಅಪ್ಪಯ್ಯ ಎಂದದ್ದಕ್ಕೆ ಕಾಟಪ್ಪ ಎದ್ದು ಹಿತ್ತಲಿಗೆ ಹೋಗಿಬಿಟ್ಟ.

ಹೊರಡುವಾಗ ಕೆಂಚಕ್ಕ ಅರಿಶಿನ ಕುಂಕುಮದ ಬಟ್ಟಲು ತಂದಳು. ಮೂವರಿಗೂ ಕೊಟ್ಟಳು. ಗೌರಿ ರೂಢಿಯಂತೆ ಸೆರಗು ಒಡ್ಡಿ ನಿಂತಳು. ತವರಿನಿಂದ ಹೊರಡುವ ಮಗಳಿಗೆ ಮಡಿಲಿಗೆ ಅಕ್ಕಿ ಹಾಕದೆ ಯಾರೂ ಕಳಿಸುವುದಿಲ್ಲ. ಕೆಂಚಕ್ಕ ಬಟ್ಟಲು ಹಿಡಿದುಕೊಂಡು ಹಾಗೇ ನಿಂತಿದ್ದಳು, ಒಳಗೆ ಹೋಗಲಿಲ್ಲ. ಗೌರಿ ಸ್ವಲ್ಪ ಹೊತ್ತು ಕಾದು, ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬಸ್‌ಸ್ಟಾಂಡಿನ ಕಟ್ಟೆಯ ಮೇಲೆ ಕೂತು ನಿಂಗಕ್ಕ, "ಇವತ್ತಿಗೆ ನನ್ನ ತವರೂ ಮುಗೀತು" ಎಂದು ಮೂಗೊರೆಸಿಕೊಂಡಳು.

"ನಿಮ್ಮದೇನು ಮುಗಿಯಲ್ಲ ಅತ್ತೆ" ಅಂದಳು ಗೌರಿ. "ಮುಂದಿನ ಹಬ್ಬಕ್ಕೆ ಕರೀತಾರೆ. ಹೋಗ್ತೀರ."

*

ರಮ್ಯಾ ಕಾಲೇಜಿನ ಮೇಷ್ಟರನ್ನು ಕೇಳಿಕೊಂಡು, ಫೋನಿನಲ್ಲಿ ಓದಿಕೊಂಡು ಶುಕ್ರವಾರ ಮನೆಗೆ ಬಂದಳು. "ಅಪ್ಪ, ಆ ಕಡೆಯಿಂದ ಬಂದ ಹಿಂದೂಗಳಿಗೆ ಇಲ್ಲೇ ಪೌರತ್ವ ಕೊಡೋ ಕಾನೂನು ಐತೆ. ಚಿಕ್ಕಮ್ಮ ಅರ್ಜಿ ಹಾಕ್ಬೋದು."

"ನಂಗೆ ಗೊತ್ತಿಲ್ವಾ? ಅದಕ್ಕೆ ಆ ದೇಶದೋಳು ಅಂತ ಕಾಗದ ತೋರಿಸ್ಬೇಕು. ಎಲ್ಲಿಂದ ತರ್ತೀಯ? ಅವ್ರಣ್ಣಗೆ ಮೂರು ಸಲ ಫೋನ್ ಮಾಡ್ಯಾನೆ ನಿಮ್ಮ ಚಿಕ್ಕಪ್ಪ. ಇನ್ನೊಂದು ಸಲ ಮಾಡ್ಬ್ಯಾಡಿ, ನಮ್ಮನ್ನೂ ಹಿಡೀತಾರೆ ಅಂದ್ನಂತೆ."

"ಕಾಗದ ಇಲ್ದೇನೇ ಆ ದೇಶದೋಳು ಅಂತ ಕಳಿಸ್ತೀರಲ್ಲ."

"ಕಳ್ಸಾಕೆ ಬಾಯಿಮಾತು ಸಾಕು. ಇಟ್ಕಳಾಕೆ ಕಾಗದ ಬೇಕು. ನಾನು ಮಾಡಿದ ಕಾನೂನಲ್ಲ ಅದು."

ರಮ್ಯಾ ಫೋನು ಕೆಳಗಿಟ್ಟಳು. "ಇನ್ನೊಂದೈತೆ" ಅಂದಳು. ಧ್ವನಿ ಇಳಿದಿತ್ತು. "ಇಲ್ಲೇ ಹುಟ್ಟಿದ್ರೂ, ತಾಯಿ ಅಕ್ರಮವಾಗಿ ಬಂದೋಳಾದ್ರೆ ಮಗು ಈ ದೇಶದ್ದು ಆಗಲ್ಲಂತೆ. ತಂದೆ ಇಲ್ಲಿಯೋನೇ ಆದ್ರೂ."

ಬಾಗಿಲ ಹೊರಗೆ ಏಕು ಕುಂಟೆಬಿಲ್ಲೆ ಆಡುತ್ತಿದ್ದಳು. ಬಿಲ್ಲೆ ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು. ಓಬಳೇಶ್ ತಲೆ ತಗ್ಗಿಸಿದ್ದನ್ನು ನೋಡಿ ಅನುಸೂಯಳಿಗೆ ಅರ್ಥವಾಯಿತು: ಇವರಿಗೆ ಇದು ಮೊದಲೇ ಗೊತ್ತಿದೆ.

ಸಂಜೆ ಅವನು ಹೇಳಿಕೆ ಹೇಗಿರಬೇಕೆಂದು ವಿವರಿಸಿದ. ದಲ್ಲಾಳಿ ಮೋಸ ಮಾಡಿದ, ಅವನೀಗ ಎಲ್ಲಿದ್ದಾನೋ ಗೊತ್ತಿಲ್ಲ. ಕಾಟಪ್ಪ ಧಾರೆಗೆ ಕೂತಿದ್ದು ಬಿಟ್ಟರೆ ಬೇರೇನೂ ಅರಿಯ. ಅರ್ಜಿಗೆ ಬೇಕಾದ ವಿವರವೆಲ್ಲ ಗೌರಿಯೇ ಬಾಯಲ್ಲಿ ಹೇಳಿದ್ದು. ಮನೆಯವರು ನಂಬಿದರು.

"ಅರ್ಜಿ ಬರ್ದೋಳು ನಾನು" ಎಂದಳು ಅನುಸೂಯ.

"ಅದನ್ನ ಹೇಳ್ಕಂಡ್ರೆ ನಿನ್ನ ಕೆಲ್ಸ ಹೋಗ್ತೈತೆ, ನನ್ನದೂ ಹೋಗ್ತೈತೆ. ಆದ್ರೂ ಅವಳು ಹೋಗೋದು ತಪ್ಪಲ್ಲ. ಒಬ್ರು ಹೋಗೋ ಜಾಗದಾಗೆ ಮೂರು ಜನ ಯಾಕೆ ಹೋಗ್ಬೇಕು ಹೇಳು."

"ಅತ್ತೆ, ನೀವೇನಂತೀರಿ?"

ನಿಂಗಕ್ಕ ಸೆರಗಿನ ಅಂಚು ಮಡಚುತ್ತ, ಬಿಚ್ಚುತ್ತ ಕೂತಿದ್ದಳು. "ಅವ್ನು ಹೇಳಿದ ಮೇಲೆ ನಂದೇನೈತೆ" ಎಂದಳು.

ಗೌರಿ ಒಲೆಯ ಮುಂದಿನಿಂದ ಎದ್ದು ಬಂದಳು. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು. "ಹೆಸ್ರು ಇಟ್ಟೋರು ನೀವು. ಅಪ್ಪನ್ನ ಕೊಟ್ಟೋರು ನೀವು. ಈಗ ಎಲ್ಡೂ ನಾನೇ ಕದ್ದೆ ಅಂತ ಬರೀತೀರಿ. ಬರ್ಕಳ್ರಿ ಬಾವ. ಹತ್ತು ವರ್ಸ ಈ ಮನೇಲಿ ಮುದ್ದೆ ತಿರುವಿದ್ದನ್ನೂ ಅದ್ರ ಕೆಳಗೆ ಬರ್ಕಳ್ರಿ. ಅದು ಯಾವ ದೇಶದೋರ ಮುದ್ದೆ ಅಂತ ನಿಮ್ಮ ಸಾಹೇಬ್ರನ್ನ ಕೇಳ್ರಿ."

ಅವಳು ವಾಪಸ್ ಹೋಗಿ ಮುದ್ದೆ ಕಟ್ಟಿದಳು. ಎಂಟು ಮುದ್ದೆ ಆದವು. ಉಂಡವರು ಏಕು ಮತ್ತು ನಿಂಗಕ್ಕ.

*

ಸೋಮವಾರ ಬೆಳಿಗ್ಗೆ ಅನುಸೂಯ ಅಂಗನವಾಡಿಗೆ ರಜೆ ಹಾಕಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗೌರಿ ಮನೆಯವರ ಬಟ್ಟೆಯೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದಳು. "ಇವತ್ತು ಬ್ಯಾಡ ಬಿಡೇ" ಎಂದರೆ, "ನಾಳೆ ನೀನೊಬ್ಳೇ ಒಗೀಬೇಕಲ್ಲ" ಅಂದಳು. ಅನುಸೂಯ ಎದುರಿಗೆ ಕೂತು ಹಿಂಡತೊಡಗಿದಳು.

"ಗೌರಿ."

"ಹೇಳಕ್ಕ."

"ಠಾಣೇಲಿ ಮಕ್ಕಳ ಬಗ್ಗೆ ಕೇಳ್ತಾರೆ. ಕಾಲಂ ಐತಂತೆ."

ಗೌರಿ ಏಕುವಿನ ಯೂನಿಫಾರ್ಮಿನ ಕಾಲರ್ ಉಜ್ಜುತ್ತಿದ್ದಳು. ಬ್ರಷ್ ನಿಲ್ಲಲಿಲ್ಲ. "ಐತೆ ಅಂದ್ರೆ?"

"ಅವಳ ಹೆಸ್ರೂ ಅದ್ರಾಗೆ ಸೇರ್ತೈತೆ. ಇವತ್ತಲ್ಲ ನಾಳೆ ಅವಳಿಗೂ ನೋಟೀಸು ಬರ್ತೈತೆ."

"ನನ್ನ ಜತೆ ಕಳಿಸ್ತಾರಾ?"

"ಗೊತ್ತಿಲ್ಲ. ನಿನ್ನ ಜತೆ ಕಳಿಸಿದ್ರೆ ನೀನು ಎಲ್ಲಿ ಇಟ್ಕಂತೀಯ? ನಿಂಗೇ ಅಲ್ಲಿ ಯಾರೂ ಇಲ್ಲ. ಇಲ್ಲೇ ಉಳಿದ್ರೆ, ಯಾವ ದೇಶದ್ದೂ ಅಲ್ಲ ಅಂತ ಉಳೀತಾಳೆ."

"ಆಸ್ಪತ್ರೆ ಚೀಟೀಲಿ ನನ್ನ ಹೆಸ್ರೈತಲ್ಲ."

"ಕೇಳಿದ್ರೆ ತಾನೇ ತೋರ್ಸೋದು. ಕೇಳಲ್ಲ ಅಂತಾರೆ ನಿಮ್ಮ ಬಾವ. ಶಾಲೇಲಿ ತಾಯಿ ಜಾಗದಾಗೆ ನನ್ನ ಹೆಸ್ರು ಬರ್ಸಿದ್ರೆ..." ಅನುಸೂಯ ಹಿಂಡಿದ ಬಟ್ಟೆ ಬಕೆಟ್ಟಿಗೆ ಹಾಕಿದಳು.

ಗೌರಿ ಯೂನಿಫಾರ್ಮು ಜಾಲಿಸಿ, ಹಿಂಡಿ, ಅನುಸೂಯಳ ಕೈಗೆ ಕೊಟ್ಟಳು. "ನೆರಳಾಗೆ ಒಣಗಾಕು. ಬಿಸ್ಲಿಗೆ ಬಣ್ಣ ಹೋಗ್ತೈತೆ" ಎಂದಳು. ಆಮೇಲೆ ಎರಡು ಬೊಗಸೆ ನೀರು ಮುಖಕ್ಕೆ ಹಾಕಿಕೊಂಡು, ಒರೆಸಿಕೊಳ್ಳದೆ ಒಳಗೆ ಹೋದಳು. ಏಕು ಸ್ಕೂಲಿಗೆ ಹೋಗಿಯಾಗಿತ್ತು. ಹೋ ಎಂದು ಅಳುವುದಕ್ಕೂ ಗೌರಿ ಮಗಳು ಹೋಗಲೆಂದು ಕಾದಿರಬೇಕು. ಕೋಣೆಯ ಬಾಗಿಲು ಹಾಕಿಕೊಂಡವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಹೊರಗೆ ಜಗಲಿಯ ಮೇಲೆ ಎರ್ರಿಸ್ವಾಮಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎದ್ದು ನಿಂತು, "ಕೂತ್ಕೊಳ್ಳಿ ಅಮ್ಮ" ಎಂದು ಕುರ್ಚಿ ತೋರಿಸಿದರು. ಮೂರು ವಾರದ ಹಿಂದೆ ಮೈಸೂರುಪಾಕ್ ಕಳಿಸಿದವರು ಈಗ ಅವಳ ಮುಖ ನೋಡದೆ ಕಾಗದ ನೋಡಿದರು. ನಿಂಗಕ್ಕನ ಹೇಳಿಕೆ ಮೊದಲಾಯಿತು. ದಲ್ಲಾಳಿ ಮೋಸ ಮಾಡಿದ ಎಂಬಲ್ಲಿಗೆ ಬರುವಷ್ಟರಲ್ಲಿ ಅವಳು ಮಾತು ನಿಲ್ಲಿಸಿ ನೀರು ಕೇಳಿದಳು. ನೀರು ತಂದುಕೊಟ್ಟವಳು ಗೌರಿ. ಹೂಜಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ನಿಂಗಕ್ಕ ಕುಡಿದು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಒತ್ತಿದಳು. ಎರ್ರಿಸ್ವಾಮಿ ಒಳಗೆ ಬರಲೇ ಇಲ್ಲ. ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತವನನ್ನು ಇಬ್ಬರು ಕಾನ್‌ಸ್ಟೇಬಲ್‌ಗಳು ಕರೆದರು, ಎಳೆದರು. ಸಣ್ಣ ಕಾಲನ್ನು ಬೇರಿಗೆ ಒತ್ತಿ ಹಿಡಿದು ನಿಂತುಬಿಟ್ಟ. ಅವನ ಹೇಳಿಕೆ ಆಮೇಲೆ ತಗೊಂಡರಾಯಿತೆಂದು ಬಿಟ್ಟರು.

"ನಿಮ್ಮ ಹೆಸರು?"

"ಶೆಫಾಲಿ. ಗೌರಿ ಅಂತಾರೆ."

"ತಂದೆ?"

"ನೋಡಿಲ್ಲ ಸರ್."

"ಅರ್ಜಿಯಲ್ಲಿ ಕಾಟಪ್ಪ, ತುರುವನೂರು ಅಂತ ಬರೆಸಿದ್ದು ಯಾರು?"

ಸಾಕ್ಷಿಯಾಗಿ ಸಹಿ ಹಾಕಲು ಅನುಸೂಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಅವಳ ತುಟಿ ತೆರೆಯಿತು. ಗೋಡೆಯ ಹತ್ತಿರ ಯೂನಿಫಾರ್ಮಿನಲ್ಲಿ ನಿಂತಿದ್ದ ಓಬಳೇಶ್ ಕೆಮ್ಮಿದ.

"ನಾನೇ" ಅಂದಳು ಗೌರಿ.

ಇನ್‌ಸ್ಪೆಕ್ಟರ್ ಬರೆದುಕೊಂಡರು. "ಮಕ್ಕಳು?"

"ಇಲ್ಲ."

ಪೆನ್ನು ನಿಂತಿತು. ಅವರು ತಲೆ ಎತ್ತಿ ಗೌರಿಯನ್ನು ನೋಡಿದರು, ಓಬಳೇಶನನ್ನು ನೋಡಿದರು. ಗೌರಿ ಠಾಣೆಗೆ ಬಂದ ಮೂರು ದಿನವೂ ಸಂಜೆ ಆರಾಗುತ್ತಲೇ, ಮಗಳು ಕಾಯ್ತಾಳೆ ಎಂದು ಎದ್ದು ಹೊರಟಿದ್ದು ಆ ಕೋಣೆಯಲ್ಲಿದ್ದ ಎಲ್ಲರಿಗೂ ನೆನಪಿತ್ತು.

"ಇಲ್ಲ ಅಂತಾನೇ ಬರ್ಕಳ್ರಿ ಸರ್" ಅಂದಳು ಅವಳು. "ಆಗ್ಲಿಲ್ಲ ನಂಗೆ."

ಅವರು ಬರೆದರು. ಓದಿ ಹೇಳಿದರು. ಗೌರಿ ಕನ್ನಡದಲ್ಲಿ ಸಹಿ ಹಾಕಿದಳು. ಅನುಸೂಯಳೇ ಕಲಿಸಿದ್ದ ಅಕ್ಷರ. ಅದರ ಕೆಳಗೆ ಅನುಸೂಯ ತನ್ನ ಹೆಸರು ಬರೆದಳು.

ಜೀಪು ಆಗಲೇ ಬಾಗಿಲಿಗೆ ಬಂದಿತ್ತು. ಇಬ್ಬರು ಮಹಿಳಾ ಪೊಲೀಸರು ಬ್ಯಾಗು ತೆಗೆದು ನೋಡಿ ಒಳಗಿಟ್ಟರು. ಹತ್ತುವ ಮುಂಚೆ ಗೌರಿ ಬೇವಿನ ಮರದ ಕಡೆಗೊಮ್ಮೆ ನೋಡಿದಳು. ಆಮೇಲೆ ಅನುಸೂಯಳ ಹತ್ತಿರ ಬಂದು, ಅಕ್ಕಪಕ್ಕದಲ್ಲಿ ಪೊಲೀಸರು ನಿಂತಿದ್ದರಿಂದ ಸಣ್ಣ ದನಿಯಲ್ಲಿ ಹೇಳಿದಳು:

"ಅಕ್ಕ, ನಿನ್ನ ಮಗಳಿಗೆ ಎಡಗಿವಿ ಹಿಂದೆ ಸಣ್ಣ ಗಾಯ ಆಗೈತೆ. ತಲೆ ಬಾಚ್ವಾಗ ಅಳ್ತಾಳೆ. ಮೆಲ್ಲಗೆ ಬಾಚು."

"ಆಯ್ತು" ಎಂದಳು ಅನುಸೂಯ.